ಹಿಟ್ಟು ಹೋಗದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಜನರನ್ನು ಹೆದರಿಸಿದವರು ಯಾರೋ ಗೊತ್ತಿಲ್ಲ. ಅವರ ದಯೆಯಿಂದ ನನಗೆ ಎಂಟು ವರ್ಷ ಅನ್ನ ಸಿಕ್ಕಿತು. ಮನೆ ಕಟ್ಟಿಸುವುದು ನನ್ನ ಕೈಲಾಗದ ಕೆಲಸ. ಮದುವೆ ಮಾಡಿಸಿಕೊಡುವುದರಲ್ಲಿ ಮಾತ್ರ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿಸಿದರೂ ವೇದಾ ಹೆಗಡೆಯನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ನಿಜ. ಆದರೆ ಬೇರೆಯವರು ಹೇಳುವ ತನಕ ಕಾಯುವ ತಾಳ್ಮೆ ನನಗೆ ಹುಟ್ಟಿದಾಗಿನಿಂದಲೂ ಇಲ್ಲ.

೧೯೯೪ರಲ್ಲಿ ಈ ಕೆಲಸ ಶುರು ಮಾಡಿದೆ. ಚಪ್ಪರ, ಅಡುಗೆ, ಹೂವು, ವಾದ್ಯ, ದಿಬ್ಬಣದ ಬಸ್ಸು ಎಲ್ಲವನ್ನೂ ಒಬ್ಬಳೇ ವಹಿಸಿಕೊಳ್ಳುತ್ತೇನೆ ಎಂದಾಗ ಮೊದಲು ನಕ್ಕವರು ನನ್ನ ಯಜಮಾನರು. ಹುಲೇಕಲ್ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ನಾಗಪತಿ, “ನಮ್ಮ ಮದ್ವೇಲೇ ನೀನು ಒಂದು ಕಡೆ ಕೂತಿದ್ದಿಲ್ಲೆ. ಊರವರ ಮದ್ವೆಲಿ ಓಡಾಡೂಲೆ ನೀನೇ ಸೈ” ಎಂದರು. ಅದನ್ನು ಆಶೀರ್ವಾದವೆಂದೇ ತೆಗೆದುಕೊಂಡೆ. ಒಂದೆರಡು ವರ್ಷದಲ್ಲಿ ಅಡುಗೆಗೆ ವೆಂಕಟ್ರಮಣ ಭಟ್ಟರು ಮತ್ತು ಅವರ ಎಂಟು ಜನ, ಚಪ್ಪರಕ್ಕೆ ಕೆರಿಯ, ಇಷ್ಟು ಮಂದಿ ನನ್ನ ಜೊತೆ ಗಟ್ಟಿಯಾಗಿ ನಿಂತರು. ವೆಂಕಟ್ರಮಣಣ್ಣನ ಕೈಯ ಹುಳಿ ಉಂಡವರು ಮದುಮಗಳ ಹೆಸರನ್ನು ಮರೆತರೂ ಹುಳಿಯನ್ನು ಮರೆಯುತ್ತಿರಲಿಲ್ಲ.

ಆಮೇಲೆ ಅಡಿಕೆ ದರ ಬಿತ್ತು. ಬಿದ್ದದ್ದು ಅಷ್ಟಿಷ್ಟಲ್ಲ, ಎರಡು ವರ್ಷದಲ್ಲಿ ಮೂರರಲ್ಲಿ ಒಂದು ಪಾಲಿಗೆ ಬಂದು ನಿಂತಿತು. ಮದುವೆಗಳೇನೂ ನಿಲ್ಲಲಿಲ್ಲ. ಹುಡುಗ ಹುಡುಗಿಯರು ಅಡಿಕೆ ದರ ಕೇಳಿಕೊಂಡು ವಯಸ್ಸಿಗೆ ಬರುವುದಿಲ್ಲವಲ್ಲ. ಆದರೆ ನಾಲ್ಕು ದಿನದ ಮದುವೆ ಒಂದು ದಿನಕ್ಕೆ ಇಳಿಯಿತು, ಎಂಟು ನೂರು ಎಲೆ ಮುನ್ನೂರಾಯಿತು, ಎರಡು ಸಿಹಿ ಇದ್ದಲ್ಲಿ ಒಂದೇ ಪಾಯಸ ಉಳಿಯಿತು. ಅದೇ ಹೊತ್ತಿಗೆ ಶಿರಸಿಯಲ್ಲಿ ಹೊಸ ಕಲ್ಯಾಣಮಂಟಪವೊಂದು ಎದ್ದಿತು, ಜನರ ಬಾಯಲ್ಲಿ ಬರೀ ‘ಹಾಲ್’. ಬಾಡಿಗೆ, ಊಟ, ಹೂವು, ವಾದ್ಯ ಎಲ್ಲ ಸೇರಿ ಅಲ್ಲಿ ಒಂದೇ ಮೊತ್ತ. ಹೊರಗಿನ ಅಡುಗೆಯವರನ್ನು ಒಳಗೆ ಬಿಡುವುದಿಲ್ಲ. ನಾನು ಎಂಟು ವರ್ಷ ಮೈ ಬೆವರಿಸಿ ಜನರಿಗೆ ಕಲಿಸಿದ್ದನ್ನು ಅವರು ನಾಲ್ಕು ಗೋಡೆ ಕಟ್ಟಿ ಒಳಗೆ ಹಾಕಿಕೊಂಡರು. ಸಿಟ್ಟು ಬಂತು. ಸಿಟ್ಟಿಗೆ ಯಾರೂ ಮುಂಗಡ ಕೊಡುವುದಿಲ್ಲ ಎಂಬುದೂ ಗೊತ್ತಿತ್ತು.

೨೦೦೨ರ ಫೆಬ್ರವರಿಯಲ್ಲಿ ವೆಂಕಟ್ರಮಣಣ್ಣ ಮನೆಗೆ ಬಂದರು. ಬಂದವರು ಎಲೆಯಡಿಕೆಯ ಕವಳವನ್ನೂ ಹಾಕದೆ ಕೂತಾಗಲೇ ವಿಷಯ ದೊಡ್ಡದು ಎಂದು ತಿಳಿಯಿತು.

“ತಂಗಿ, ಹಾಲ್‌ನವು ಕರದ್ದ. ಎಂಟೂ ಜನಕ್ಕೆ ತಿಂಗಳ ಸಂಬಳ ಕೊಡ್ತ್ವಡ.”

“ನಿಂಗ ಎಂತ ಅಂದ್ರಿ?”

“ಯುಗಾದಿ ಒಳಗೆ ಹೇಳ್ತೆ ಅಂದೆ. ಆನು ಒಬ್ನೇ ಆಗಿದ್ರೆ ಯೋಚನೆ ಇತ್ತಿಲ್ಲೆ. ಇವ್ಕೆಲ್ಲ ಮನೆ ಮಠ ಇದ್ದಲೆ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ವೆಂಕಟ್ರಮಣಣ್ಣ ಹೋದರೆ ನನ್ನ ಬಳಿ ಉಳಿಯುವುದು ಪಾತ್ರೆ ಮತ್ತು ಬಾಯಿ. ಎರಡನ್ನೂ ಬಡಿದರೆ ಸದ್ದು ಬರುತ್ತದೆ, ಊಟ ಬರುವುದಿಲ್ಲ. ಆದರೂ ನಾನು ಅಳುವ ಜಾತಿಯಲ್ಲ. “ಗುಡ್ನಾಪುರದ ಶಂಕ್ರಪ್ಪನ ಮನೆ ಮದ್ವೆ ಒಂದು ಮುಗೀಲಿ. ಅದು ಗೆದ್ರೆ ಪೂರ್ವಸೀಮೆ ಪೂರಾ ನಮ್ದು. ಸೋತ್ರೆ ಆನೇ ನಿಂಗಳನ್ನ ಹಾಲ್ ಬಾಗ್ಲಿಗೆ ಬಿಟ್ಟು ಬತ್ತೆ” ಎಂದೆ.

ಅದು ಬಾಯಿಗೆ ಬಂದ ಮಾತಾಗಿರಲಿಲ್ಲ. ಗುಡ್ನಾಪುರ ಸೇರಿದಂತೆ ಬನವಾಸಿಯ ಆಚೀಚೆಯ ಪೂರ್ವಸೀಮೆಯ ಊರುಗಳಲ್ಲಿ ಭತ್ತ, ಗೋವಿನಜೋಳ ಬೆಳೆದು ವ್ಯಾಪಾರ ಮಾಡುವ ಲಿಂಗಾಯತ ಮನೆತನಗಳಿವೆ. ಅಡಿಕೆ ದರ ಬಿದ್ದರೆ ಅವರಿಗೆ ನೆಗಡಿಯೂ ಆಗುವುದಿಲ್ಲ. ಮದುವೆಗೆ ಅವರಲ್ಲಿ ಸಾವಿರಕ್ಕೆ ಕಡಿಮೆ ಜನ ಸೇರುವುದಿಲ್ಲ. ತೋಟದ ಸೀಮೆ ಬತ್ತಿದರೆ ಗದ್ದೆಯ ಸೀಮೆಗೆ ಹೋಗಬೇಕು ಎಂದು ಲೆಕ್ಕ ಹಾಕಿ, ಮೂರು ಸಲ ಬಸ್ಸು ಹತ್ತಿ ಇಳಿದು, ಶಂಕ್ರಪ್ಪನವರ ಮಗಳು ಸ್ಫೂರ್ತಿಯ ಮದುವೆಯ ಕೆಲಸ ಹಿಡಿದಿದ್ದೆ.

ಕಾಗದ ಮಾಡಿಕೊಳ್ಳಲು ಹೋದ ದಿನ ಶಂಕ್ರಪ್ಪನವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನನ್ನೆದುರು ಕೂತರು. ಅವರ ತಾಯಿ ನೀಲಗಂಗವ್ವ ಒಳಬಾಗಿಲಿಗೆ ಒರಗಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ನಾನು ನಲವತ್ತು ಬಾಬತ್ತುಗಳ ಪಟ್ಟಿಯನ್ನು ಪುರಾಣ ಓದುವವರ ಹಾಗೆ ಓದಿದೆ. ಚಪ್ಪರ, ನೀರು, ಚಾಪೆ, ಬಡಿಸುವವರು ಇಪ್ಪತ್ತು ಜನ, ಎಲೆ ಎತ್ತುವವರು ಆರು ಜನ. “ನೀವು ಒಂದು ಕಡ್ಡಿ ಈಚೆಯಿಂದ ಆಚೆಗೆ ಇಡಬೇಕಾಗಿಲ್ಲ. ಬಂದು ಅಕ್ಷತೆ ಹಾಕಿದರೆ ಸಾಕು” ಎಂದು ಮುಗಿಸಿದೆ.

“ಇದು ಭಾಳ ಛಲೋ ಆತು ನೋಡ್ರಿ” ಎಂದರು ಶಂಕ್ರಪ್ಪನವರು. ಮನೆಯಲ್ಲಿ ಹಿರಿಯ ಮಗಳ ಮದುವೆಗೆ ತಿಂಗಳುಗಟ್ಟಲೆ ಓಡಾಡಿ ಸೋತಿದ್ದವರು.

“ರೊಟ್ಟಿ?” ಎಂದರು ನೀಲಗಂಗವ್ವ, ತಲೆ ಎತ್ತದೆ.

“ಅದೂ ನಮ್ಮದೇ, ಅಜ್ಜಿ. ಹಾನಗಲ್ಲಿನಿಂದ ಎರಡು ಸಾವಿರ ಕಡಕ್ ರೊಟ್ಟಿ ತರಿಸ್ತೇನೆ. ನಿಮ್ಮ ಹೆಂಗಸರು ಒಲೆ ಮುಂದೆ ಕೂರೋದೇ ಬೇಡ.”

“ಆತು ಬಿಡವಾ” ಎಂದರು ಅವರು.

ಮುದುಕಿಗೆ ಖುಷಿಯಾಯಿತು ಎಂದುಕೊಂಡೆ. ಶಂಕ್ರಪ್ಪನವರು ಸಹಿ ಹಾಕಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಮದುವೆ ಮಾರ್ಚ್ ಕೊನೆಯ ಭಾನುವಾರ. ಗುರುವಾರ ಮಧ್ಯಾಹ್ನದ ಹೊತ್ತಿಗೆ ನಮ್ಮ ಚಪ್ಪರ ಎದ್ದು ನಿಂತಿತ್ತು, ಹಾನಗಲ್ಲಿನ ರೊಟ್ಟಿ ಬಿದಿರು ಬುಟ್ಟಿಗಳಲ್ಲಿ ಬಂದು ಕೂತಿತ್ತು, ವೆಂಕಟ್ರಮಣಣ್ಣ ಒಲೆ ಹೂಡುತ್ತಿದ್ದರು. ಎಲ್ಲ ಗಡಿಯಾರದ ಹಾಗೆ ನಡೆಯುತ್ತಿತ್ತು. ಕೆರಿಯ ಮಾತ್ರ ಏಣಿಯಿಂದ ಇಳಿದು ಬಂದು ತಲೆ ಕೆರೆದುಕೊಂಡ.

“ಅಮ್ಮಾ, ಇದು ಮದಿ ಮನೆ ಹೌದಾ?”

“ಯಾಕೋ?”

“ಬೆಳಗಿಂದ ಒಂದು ಹುಡ್ಗ ಕಂಬ ಹತ್ತಲಿಲ್ಲ. ಒಬ್ಬ ಮುದುಕ ಬಂದು ‘ಕಂಬ ಸೊಟ್ಟ ಆಯ್ತು’ ಹೇಳಲಿಲ್ಲ. ಯಾರೂ ಬೈಯದೆ ಇರೋ ಚಪ್ಪರ ನಾ ಹಾಕಿದ್ದೇ ಇಲ್ಲ.”

ಅವನು ಹೇಳಿದ ಮೇಲೆ ನನಗೂ ಕಂಡಿತು. ಓಣಿಯಲ್ಲಿ ಜನ ಓಡಾಡುತ್ತಿದ್ದರು. ಆದರೆ ಚಪ್ಪರದ ಹತ್ತಿರ ಬಂದಾಗ ಆಚೆ ಗೋಡೆಯ ಬದಿಗೆ ಸರಿದು ಹೋಗುತ್ತಿದ್ದರು. ಕೆರೆಯಿಂದ ಕೊಡ ಹೊತ್ತು ಬರುವ ಹೆಂಗಸರು ನಮ್ಮನ್ನು ಕಂಡಾಗ ಮಾತು ನಿಲ್ಲಿಸುತ್ತಿದ್ದರು. ಪಕ್ಕದ ಮನೆಯ ಮುರಿಗೆವ್ವ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. ಆ ಓಣಿಯಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ ಎಂದು ಕೇಳಿದ್ದೆ. ನಗುತ್ತಲೇ ಹೋಗಿ, “ಶನಿವಾರ ಅರಿಷಿಣಕ್ಕೆ ಎಲ್ಲರೂ ಬರಬೇಕು, ಅಕ್ಕಾ” ಎಂದೆ.

“ಕಾರ್ಡು ಬಂದೈತಿ. ಗ್ವಾಡಿ ಮಾಡದಾಗ ಇಟ್ಟೇನಿ. ಹಿಟ್ಟು ಬಂದಿಲ್ಲ.”

“ಯಾವ ಹಿಟ್ಟು?”

ಅವಳು ಮೊರ ಕೆಳಗಿಟ್ಟಳು. “ಯಾವ ಹಿಟ್ಟು ಅಂತ ಕೇಳಾಕಿ, ನೀನು ಮದುವಿ ಮಾಡಸಾಕ ಬಂದೀಯಾ?” ಎಂದವಳೇ ಎದ್ದು ಒಳಗೆ ಹೋದಳು.

ನಾನು ನೇರವಾಗಿ ನೀಲಗಂಗವ್ವನ ಮುಂದೆ ಹೋಗಿ ಕೂತೆ. ಅವರು ಸಮಾಧಾನವಾಗಿ ಹೇಳಿದರು. ಈ ಊರಿನಲ್ಲಿ ಮದುವೆ ಗೊತ್ತಾದರೆ ಮದುವೆ ಮನೆಯವರು ಜೋಳ ಬೀಸಿಸಿ ಮನೆಮನೆಗೆ ಎರಡು ಸೇರು ಹಿಟ್ಟು ಕೊಟ್ಟು ಬರುತ್ತಾರೆ. ಆ ಮನೆಯ ಹೆಂಗಸರು ಅದಕ್ಕೆ ತಮ್ಮದೂ ಒಂದು ಹಿಡಿ ಸೇರಿಸಿ ರೊಟ್ಟಿ ಬಡಿದು, ಮದುವೆಯ ದಿನ ಬುಟ್ಟಿ ಹೊತ್ತು ಬಾಜಾಬಜಂತ್ರಿಯ ಜೊತೆ ಬರುತ್ತಾರೆ. ಆ ರೊಟ್ಟಿಯೇ ಮೊದಲು ಎಲೆಗೆ ಬೀಳಬೇಕು.

“ಹಿಟ್ಟು ಹೋಗದ ಮನಿಗೆ ಹೇಳಿಕಿ ಹೋಗಿಲ್ಲ ಅಂತನ ಲೆಕ್ಕವಾ. ಕಾರ್ಡು ಪರವೂರಿನವರಿಗೆ.”

ಅಂದರೆ ಊರಿನ ನಲವತ್ತಮೂರು ಮನೆಗಳನ್ನೂ ನಾನು ಮದುವೆಗೆ ಬರಬೇಡಿ ಎಂದು ಹೊರಗಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಹಾವೇರಿ ಕಡೆಯ ಬೀಗರು ಬಸ್ಸು ಇಳಿದು ನೋಡುವುದು ಸಾವಿರ ಜನರ ಚಪ್ಪರದಲ್ಲಿ ನೂರು ಜನ. ಸ್ಫೂರ್ತಿಯ ಅಪ್ಪನಿಗೆ ಸ್ವಂತ ಊರೇ ಇಲ್ಲ ಎಂದುಕೊಳ್ಳುತ್ತಾರೆ. ಆಮೇಲೆ ಪೂರ್ವಸೀಮೆಯಲ್ಲಿ ನನ್ನನ್ನು ಕರೆಯುವವರು ಯಾರು? ವೆಂಕಟ್ರಮಣಣ್ಣನನ್ನು ಉಳಿಸಿಕೊಳ್ಳುವುದು ಯಾವ ಮುಖದಿಂದ?

ನನಗೆ ಮೊದಲು ಬಂದದ್ದು ಸಿಟ್ಟೇ. “ಅವತ್ತೇ ಹೇಳಬಾರದಿತ್ತಾ, ಅಜ್ಜಿ?”

“ಹಿಟ್ಟಿನ ಸುದ್ದಿ ಗಂಡಸರ ತಲಿಗೆ ಬರಂಗಿಲ್ಲ, ನನ್ನ ಮಗ ಹೂಂ ಅಂದುಬಿಟ್ಟಿದ್ದ. ಹೊರಗಿನವರ ಮುಂದ ಅವನ ಮಾತು ಮುರಿಬಾರದು ಅಂತ ಸುಮ್ಮನಾದೆ.” ನನ್ನ ಕಡೆ ತಿರುಗಿದರು. “ಮತ್ತ ನೀನೂ ಕೇಳಲಿಲ್ಲವಾ. ಬರೇ ಹೇಳಿದಿ.”

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು. ನನ್ನ ತವರು ಮತ್ತಿಘಟ್ಟದಲ್ಲಿ ಮದುವೆಯ ಹಿಂದಿನ ದಿನ ಕೇರಿಯ ಹೆಂಗಸರೆಲ್ಲ ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದು ತರಕಾರಿ ಹೆಚ್ಚಲು ಬರುತ್ತಿದ್ದರು. ನನ್ನ ಅಕ್ಕನ ಮದುವೆಯಲ್ಲಿ ಆಚೆಮನೆ ಸೀತತ್ತೆಗೆ ತರಕಾರಿಗೆ ಹೇಳುವುದು ಮರೆತುಹೋಗಿ, ಆಕೆ ಮದುವೆಗೂ ಬರಲಿಲ್ಲ, ಮುಂದೆ ಹತ್ತು ವರ್ಷ ನಮ್ಮ ಅಂಗಳವನ್ನೂ ತುಳಿಯಲಿಲ್ಲ. ಇಷ್ಟು ಗೊತ್ತಿದ್ದವಳು ನಾನು. ಜನರ ಕೈಯಿಂದ ಕೆಲಸ ಬಿಡಿಸಿ ಬಿಡಿಸಿ ದುಡ್ಡು ಮಾಡುತ್ತಾ, ಕೆಲವು ಕೆಲಸ ಬಿಡಿಸಿದರೆ ಜನರೇ ಬಿಟ್ಟುಹೋಗುತ್ತಾರೆ ಎಂಬುದನ್ನು ಮರೆತೇಬಿಟ್ಟಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ರೊಟ್ಟಿಗೆ ಹೋಗುವುದರಲ್ಲಿತ್ತು, ಅದೂ ನನ್ನ ಮಾನವಲ್ಲ, ಶಂಕ್ರಪ್ಪನವರದು.

ಮೂರು ದಿನ ಇದೆಯಲ್ಲ ಎಂದು ಎದ್ದೆ. ಕೆರಿಯನನ್ನು ಕರೆದುಕೊಂಡು ಬನವಾಸಿಗೆ ಹೋಗಿ, ಒಂದು ಕ್ವಿಂಟಾಲ್ ಬಿಳಿಜೋಳ ಕೊಂಡು ಸಂಜೆಯೊಳಗೆ ಗಿರಣಿಯಲ್ಲಿ ಬೀಸಿಸಿದೆ. ಶುಕ್ರವಾರ ಬೆಳಿಗ್ಗೆ ನೀಲಗಂಗವ್ವ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಹೊರಟರು. ಎಂಬತ್ತರ ಹತ್ತಿರದ ಕಾಲು, ನಿಧಾನ. ನನಗೋ ಅವಸರ. ಅವರಿಗಿಂತ ಮುಂಚೆ ಮುರಿಗೆವ್ವನ ಮನೆ ಹೊಕ್ಕು, ಹಿಟ್ಟು ಕೆಳಗಿಟ್ಟು, ಎರಡನೆಯ ತಪ್ಪು ಮಾಡಿದೆ.

“ಅಕ್ಕಾ, ಅವಸರದ ಕೆಲಸ ಅಂತ ಗೊತ್ತು. ಒಂದು ರೊಟ್ಟಿಗೆ ಇಷ್ಟು ಅಂತ ಕೂಲಿ ಹಿಡಿದು ಕೊಟ್ಟುಬಿಡ್ತೇನೆ.”

ಮುರಿಗೆವ್ವ ಕಾಲಿನಿಂದಲ್ಲ, ಕೈಯಿಂದಲೇ ಆ ಹಿಟ್ಟಿನ ಪಾತ್ರೆಯನ್ನು ಹೊಸ್ತಿಲಿನ ಆಚೆಗೆ ಸರಿಸಿದಳು. ಹಿಟ್ಟಿಗಾದರೂ ಮರ್ಯಾದೆ ಕೊಟ್ಟಳಲ್ಲ ಎನಿಸಿತು. “ಎತ್ಕೊಂಡು ಹೋಗು. ಕೂಲಿಗೆ ರೊಟ್ಟಿ ಬಡಿಯಾಕ ನಾವೇನು ಖಾನಾವಳಿ ಇಟ್ಟೇವೇನು?”

ಅಷ್ಟರಲ್ಲಿ ನೀಲಗಂಗವ್ವ ಬಂದು ಮುಟ್ಟಿದರು. “ಮುರಿಗೆವ್ವಾ, ಆಕಿ ಘಟ್ಟದ ಕಡೆಯಾಕಿ, ನಮ್ಮ ರೀತಿ ತಿಳೀವಲ್ದು. ಎಷ್ಟು ಬೇಕೋ ಅಷ್ಟು ಬೈ. ಆದರ ಹಿಟ್ಟು ತಗೋ. ಸ್ಫೂರ್ತಿ ನಿನ್ನ ತೊಡಿ ಮ್ಯಾಲ ಬೆಳದಾಕಿ.”

ಮುರಿಗೆವ್ವ ಸಿಕ್ಕ ಅವಕಾಶವನ್ನು ಬಿಡಲಿಲ್ಲ. ನನ್ನ ಪಟ್ಟಿಗೆ, ನನ್ನ ಬಣ್ಣದ ಬಟ್ಟೆಯ ಚಪ್ಪರಕ್ಕೆ, ಪೇಟೆಯಿಂದ ಬಂದ ರೊಟ್ಟಿಗೆ, ಕೊನೆಗೆ ನನ್ನ ವಾಚಿಗೂ ಬೈದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತು ಕೇಳಿದರು. ಮನೆಯಲ್ಲಿ ಒಂದು ಮಾತಿಗೆ ಹತ್ತು ಮಾತು ಆಡುವ ನಾನು ಕೈಕಟ್ಟಿ ನಿಂತಿದ್ದೆ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, “ತಪ್ಪು ನನ್ನದು. ಈ ಮನೆಯವರದಲ್ಲ. ನಾನು ಕೇಳಬೇಕಿತ್ತು, ಕೇಳಲಿಲ್ಲ. ನೀವು ಬರದಿದ್ದರೆ ಇದು ಮದುವೆಯೇ ಅಲ್ಲ” ಎಂದೆ. ಅದು ವ್ಯಾಪಾರಕ್ಕಾಗಿ ಆಡಿದ ಮಾತಾಗಿರಲಿಲ್ಲ.

“ಆ ಹಾನಗಲ್ ರೊಟ್ಟಿ?” ಎಂದಳು ಮುರಿಗೆವ್ವ.

“ಇವತ್ತೇ ಕಳಿಸ್ತೇನೆ.”

“ಒಂದ ಚೂರೂ ಆ ಮನಿಯಾಗ ಉಳೀಬಾರದು.”

“ಉಳಿಯೋದಿಲ್ಲ.”

ಅವಳು ಹಿಟ್ಟಿನ ಪಾತ್ರೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಮಿಕ್ಕ ನಲವತ್ತೆರಡು ಮನೆಗಳಿಗೆ ಅವಳೇ ಮುಂದೆ ನಡೆದಳು. ನಾನು ಹಿಂದಿನಿಂದ ಹಿಟ್ಟು ಹೊತ್ತೆ.

ಎರಡು ಸಾವಿರ ರೊಟ್ಟಿಯನ್ನು ಕೆರಿಯ ಟೆಂಪೋಗೆ ತುಂಬಿಸಿ ಶಿರಸಿಯ ಒಂದು ವಿದ್ಯಾರ್ಥಿನಿಲಯಕ್ಕೆ ಕೊಟ್ಟು ಬಂದ. ವೆಂಕಟ್ರಮಣಣ್ಣ ಒಲೆಯ ಪಕ್ಕ ನಿಂತು ಟೆಂಪೋ ಹೋಗುವುದನ್ನೇ ನೋಡುತ್ತಿದ್ದರು.

“ನಿನ್ನ ಲಾಭ ಹೋತಲೆ, ತಂಗಿ.”

“ಹೋಗ್ಲಿ ಅಣ್ಣ. ನಿಂಗ ಹುಳಿಗೆ ನೋಡಿ.”

ಭಾನುವಾರ ಬೀಗರ ಬಸ್ಸು ಒಂಬತ್ತಕ್ಕೆ ಬರುವುದಿತ್ತು. ಎಂಟೂವರೆಯಾದರೂ ಚಪ್ಪರದಲ್ಲಿ ಇದ್ದವರು ನೆಂಟರು, ನಾವು, ಮತ್ತು ಮಡಚಿಟ್ಟ ಚಾಪೆಗಳು. ಶಂಕ್ರಪ್ಪನವರು ಐದು ನಿಮಿಷಕ್ಕೊಮ್ಮೆ ಓಣಿಯ ಕಡೆ ನೋಡುತ್ತಿದ್ದರು. ನಾನು ಹೆದರಿದ್ದೆ. ಹೆದರಿದ್ದು ಕಾಣದ ಹಾಗೆ ಹೂವಿನವನಿಗೆ ಬೈಯುತ್ತಿದ್ದೆ.

ಆಮೇಲೆ ಶಹನಾಯಿ ಕೇಳಿಸಿತು. ಓಣಿಯ ತಿರುವಿನಲ್ಲಿ ವಾದ್ಯದವರು, ಅವರ ಹಿಂದೆ ಇಳಕಲ್ ಸೀರೆಯುಟ್ಟ ಮುರಿಗೆವ್ವ, ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಅವಳ ಹಿಂದೆ ಒಬ್ಬರ ಹಿಂದೆ ಒಬ್ಬರು, ನಲವತ್ತಮೂರು ಬುಟ್ಟಿ. ಬುಟ್ಟಿಗಳ ಹಿಂದೆ ಗಂಡಸರು, ಮುದುಕರು, ಮಕ್ಕಳು, ಊರಿಗೆ ಊರೇ. ಬೀಗರ ಬಸ್ಸು ಆ ಮೆರವಣಿಗೆಯ ಬೆನ್ನಿಗೆ ಬಂದು ದಾರಿ ಸಿಗದೆ ನಿಂತಿತು. ಬೀಗರೆಲ್ಲ ಇಳಿದು ಊರಿನವರ ಹಿಂದೆ ನಡೆದುಕೊಂಡೇ ಬಂದರು. ಶಂಕ್ರಪ್ಪನವರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಹೊಗೆಯೆಂದು ಯಾರಿಗೂ ಸುಳ್ಳು ಹೇಳಲಿಲ್ಲ.

ಅಂದು ನಾನು ಒಪ್ಪಂದದಲ್ಲಿ ಬರೆದ ಅರ್ಧ ಕೆಲಸವನ್ನು ಊರಿನವರು ನನ್ನ ಕೈಯಿಂದ ಕಿತ್ತುಕೊಂಡರು. ಬಡಿಸಲು ತಂದ ಇಪ್ಪತ್ತು ಜನರ ಕೈಯಿಂದ ಬಕೆಟ್ಟು ಹೋಯಿತು, ನೀರಿನ ತಂಬಿಗೆ ಹೋಯಿತು, ಎಲೆ ಎತ್ತುವವರಿಗೂ ಕೂರಿಸಿ ಊಟ ಹಾಕಿದರು. ಮುರಿಗೆವ್ವ ಅಡುಗೆಯ ಚಪ್ಪರಕ್ಕೂ ನುಗ್ಗಿ, ಬದನೆಕಾಯಿ ಎಣ್ಣೆಗಾಯಿಗೆ ಖಾರ ಸಾಲದು ಎಂದು ವೆಂಕಟ್ರಮಣಣ್ಣನ ಜೊತೆ ಜಗಳ ತೆಗೆದಳು. ಅವರು ಸೌಟು ಅವಳ ಕೈಗೇ ಕೊಟ್ಟರು. ಆಮೇಲೆ ಇಬ್ಬರೂ ಸೇರಿ ಮಾಡಿದ ಎಣ್ಣೆಗಾಯಿ ಮೂರನೇ ಪಂಕ್ತಿಗೆ ಉಳಿಯಲಿಲ್ಲ.

ಊಟ ಮುಗಿದ ಮೇಲೆ ಪಟ್ಟಿಯಲ್ಲಿ ರೊಟ್ಟಿಯ ಬಾಬತ್ತಿನ ಮೇಲೆ ಅಡ್ಡಗೆರೆ ಎಳೆದು ಶಂಕ್ರಪ್ಪನವರಿಗೆ ಕೊಟ್ಟೆ. ಬಡಿಸುವವರ ಮೇಲೂ ಎಳೆದೆ. “ಕಾಗದದಾಗ ಬರದದ್ದು ಕೊಡತೇನ್ರಿ” ಎಂದು ಅವರು ಹಟ ಹಿಡಿದರು. ಮಾಡದ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನಾನು ಹಟ ಹಿಡಿದೆ. ಹಟದಲ್ಲಿ ನಾನು ಸೋತ ದಾಖಲೆ ಇಲ್ಲ. ಗೆರೆ ಎಳೆದ ಮೇಲೆ ಉಳಿದ ಮೊತ್ತ ಇಷ್ಟು ಕಡಿಮೆಯೇ ಎಂದು ನನಗೇ ಬೆರಗಾಯಿತು. ಊರಿನವರ ಕೆಲಸವನ್ನು ಊರಿನವರಿಗೇ ಬಿಟ್ಟು, ಅವರಿಂದಾಗದ್ದನ್ನು ಮಾತ್ರ ನಾನು ವಹಿಸಿಕೊಂಡರೆ, ಯಾವ ಹಾಲ್‌ನವನೂ ನನ್ನ ದರಕ್ಕೆ ಇಳಿಯಲಾರ. ಅವನು ನಲವತ್ತಮೂರು ಬುಟ್ಟಿ ರೊಟ್ಟಿಯನ್ನು ಎಲ್ಲಿಂದ ತರುತ್ತಾನೆ?

ಆದರೆ ವೆಂಕಟ್ರಮಣಣ್ಣ ಇನ್ನೂ ಏನೂ ಹೇಳಿರಲಿಲ್ಲ. ತಿಂಗಳ ಸಂಬಳ ಕೊಡುವ ಶಕ್ತಿ ನನಗೆ ಅಂದೂ ಇರಲಿಲ್ಲ. ಯುಗಾದಿಗೆ ಎರಡು ವಾರ ಉಳಿದಿತ್ತು. ಕೇಳಲು ಬಾಯಿ ಬರಲಿಲ್ಲ, ನನಗೆ ಬಾಯಿ ಬರದಿದ್ದ ದಿನಗಳು ಕಡಿಮೆ.

ಪಾತ್ರೆ ತೊಳೆಸುತ್ತಿದ್ದಾಗ ಶಂಭುಲಿಂಗ ಎಂಬ ಹಿರಿಯರೊಬ್ಬರು ಬಂದು ಕಟ್ಟೆಯ ಮೇಲೆ ಕೂತರು. ಬನವಾಸಿ ಕಡೆಯವರು, ವೈಶಾಖದಲ್ಲಿ ಮಗನ ಮದುವೆ. “ಎಲ್ಲಾ ಸೇರಿ ನಿಮ್ಮದು ಎಷ್ಟಾಗತೈತ್ರಿ, ಅಕ್ಕಾರ?” ಎಂದರು.

ನಲವತ್ತು ಬಾಬತ್ತುಗಳೂ ನಾಲಿಗೆಯ ತುದಿಗೆ ಬಂದವು. ಚೀಲದಿಂದ ಪಟ್ಟಿ ತೆಗೆಯಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವರ ಪಕ್ಕದಲ್ಲಿ ಕೂತೆ.

“ದರ ಆಮೇಲೆ ಹೇಳ್ತೇನೆ. ಮೊದಲು ನೀವು ಹೇಳ್ರಿ. ನಿಮ್ಮ ಮನೆ ಮದುವೆಯಲ್ಲಿ ನಾನು ಮುಟ್ಟಬಾರದ ಕೆಲಸ ಯಾವ್ಯಾವುದು?”

ಹಿರಿಯರು ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂತು ಶುರು ಮಾಡಿದರು. ಸೋದರಮಾವ ಕಟ್ಟುವ ಬಾಸಿಂಗದಿಂದ ಹಿಡಿದು, ಯಾವ ಮನೆಯವರು ಮೊದಲ ಕೊಡ ನೀರು ತರಬೇಕು ಎನ್ನುವ ತನಕ ಅರ್ಧ ಗಂಟೆ ಹೇಳಿದರು. ಇಷ್ಟು ಸಂತೋಷದಿಂದ ಮಾತಾಡುವ ಗಿರಾಕಿಯನ್ನು ನಾನು ಎಂಟು ವರ್ಷದಲ್ಲಿ ಕಂಡಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಬರೆದುಕೊಂಡೆ.

ಯಾವಾಗಲೋ ವೆಂಕಟ್ರಮಣಣ್ಣ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತಿದ್ದರು. ಹಿರಿಯರ ಮಾತು ಮುಗಿದಾಗ ಅವರೂ ಕಟ್ಟೆಯ ತುದಿಯಲ್ಲಿ ಕೂತು, ಚೀಲ ಬಿಚ್ಚಿ ಕವಳ ಹಾಕಿಕೊಂಡರು.

“ವೈಶಾಖದಲ್ಲಿ ಎಷ್ಟನೇ ತಾರೀಕು?” ಎಂದು ಹಿರಿಯರನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಹಾಲ್‌ನವ್ಕೆ ಬತ್ನಿಲ್ಲೆ ಹೇಳಿ ಇವತ್ತೇ ಫೋನ್ ಮಾಡ್ತೆ ತಂಗಿ, ಎಂಟೂ ಜನಕ್ಕೆ ಒಪ್ಪಿಗೆ ಇದ್ದು. ಅಲ್ಲಿ ಎನ್ನ ಅಡಿಗೆಗೆ ಬೈಯೂಲೆ ಯಾರು ಬತ್ತ?” ಎಂದರು.